ಇಂದುಮತಿ ಟೀಚರ್ ಅತ್ತ ಏಳು ನಿಮಿಷ

ಗದಗ
2231ನೆಯ ಇಸವಿ, ಫೆಬ್ರವರಿ ಮೂವತ್ತು

ಇಂದುಮತಿ ಟೀಚರಿಗೆ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ಬೆರಗಾಗಬೇಡಿ. ನಮ್ಮ ಕಾಲದವರು ತಿಂಗಳುಗಳನ್ನು ಹೊಸದಾಗಿ ಹಂಚಿಕೊಂಡಿದ್ದಾರೆ. ನನ್ನ ಕನ್ನಡವೂ ನಿಮಗೆ ಅಷ್ಟೇ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಸುಜಯಾ, ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವಳು. ಇನ್ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ನಿಮಗೆ ಬಂದ ರಕ್ತದ ಕ್ಯಾನ್ಸರ್ ಈಗ ನನಗೂ ಬಂದಿದೆ.

ನಮ್ಮಲ್ಲಿ ಹೆಚ್ಚಿನ ರೋಗಗಳನ್ನು ಹುಟ್ಟುವ ಮೊದಲೇ ತಡೆಯುತ್ತಾರೆ. ಹಾಗಾಗಿ ರೋಗಿಯೊಡನೆ ಹೇಗೆ ಮಾತಾಡಬೇಕೆಂಬುದೇ ಜನಕ್ಕೆ ಮರೆತುಹೋಗಿದೆ. ಅದಕ್ಕೆಂದೇ 'ಸೌಮ್ಯನುಡಿ' ಎಂಬ ಪದ್ಧತಿ ಇದೆ: ಕಾಯಿಲೆ, ನೋವು, ಸಾವು ಎಂಬ ಮಾತುಗಳನ್ನು ರೋಗಿಯೆದುರು ಆಡುವಂತಿಲ್ಲ. ಬಂದವರು ನನ್ನನ್ನು 'ವಿಶ್ರಾಂತಿಯಲ್ಲಿರುವವರು' ಎನ್ನುತ್ತಾರೆ, ಕಿಟಕಿಯಾಚೆಯ ಬಿಸಿಲನ್ನು ಹೊಗಳುತ್ತಾರೆ, ಹಣ್ಣು ಇಟ್ಟು ಹೋಗುತ್ತಾರೆ. ತಂಗಿ ರೇವತಿಯೂ ಹಾಗೆಯೇ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು ನನಗೆ ಬಹುವಚನ ಹಚ್ಚತೊಡಗಿದಾಗ, ನಾನು ಆಗಲೇ ಸತ್ತಿದ್ದೇನೇನೋ ಅನ್ನಿಸಿತು.

ಹೋದ ತಿಂಗಳು ಊರಿನ ಹಳೆಯ ಚಿತ್ರಗಳ ಸಂಗ್ರಹದಲ್ಲಿ, ನಿಮ್ಮ ತಮ್ಮ ವಿರೂಪಾಕ್ಷ ನಿಮ್ಮ ಬಗ್ಗೆ ತೆಗೆದ ಸಿನಿಮಾ ಸಿಕ್ಕಿತು. ಉದುರಿದ ಕೂದಲನ್ನು ಕೈಯಲ್ಲಿ ಹಿಡಿದು, "ಎಣ್ಣಿ ಹಚ್ಚೂದು ತಪ್ಪಿತು, ಹೇನಿನ ಕಾಟಾನೂ ತಪ್ಪಿತು ನೋಡೋ" ಎಂದಿರಿ. ನೋಡಲು ಬಂದ ಶಾಲೆಯ ಮಕ್ಕಳು ಸಪ್ಪೆ ಮುಖ ಮಾಡಿ ನಿಂತಾಗ ಬೋಳುತಲೆ ಮುಂದೆ ಚಾಚಿ, "ಇವತ್ತ ಡ್ರಾಯಿಂಗ್ ಪರೀಕ್ಷೆ. ಕಲ್ಲಂಗಡಿ ನೋಡಿ ಚಿತ್ರ ಬರೀರಿ" ಎಂದಿರಿ. ಒಬ್ಬಳೇ ಕೂತು ಕೆಮ್ಮು ಬರುವಷ್ಟು ನಕ್ಕೆ.

ಆಮೇಲೆ ಆ ಏಳು ನಿಮಿಷ ಬಂತು. ಔಷಧಿ ಹತ್ತುತ್ತಿಲ್ಲವೆಂದು ಡಾಕ್ಟರ್ ಹೇಳಿ ಹೋದ ಮಧ್ಯಾಹ್ನ ನೀವು ಗೋಡೆಗೆ ಮುಖ ಮಾಡಿ ಅತ್ತಿರಿ. "ನಂಗ ಸಾಯಾಕ ಮನಸಿಲ್ಲೋ" ಎಂದಿರಿ. ಕ್ಯಾಮೆರಾ ಅಲುಗುತ್ತಿತ್ತು, ಹಿಡಿದವನೂ ಅಳುತ್ತಿದ್ದ.

"ಇದನ್ನ ತೆಗೆದುಬಿಡ್ಲೇನಕ್ಕಾ?" ಎಂದು ಅವನು ಕೇಳಿದ.

"ಬ್ಯಾಡ, ಇರ್ಲಿ. ನಕ್ಕಿದ್ದಷ್ಟ ತೋರಿಸಿದ್ರ ಸುಳ್ಳಾಗತೈತಿ" ಎಂದಿರಿ.

ರೇವತಿಯನ್ನು ಕೂರಿಸಿ ತೋರಿಸಿದೆ. ಕಲ್ಲಂಗಡಿಯ ಮಾತಿಗೆ ಅವಳು ನಗಲಿಲ್ಲ. ನೀವು ಅಳತೊಡಗಿದಾಗ ಎದ್ದು ಹೊರಟೇಹೋದಳು. ಹನ್ನೊಂದು ದಿನ ಬರಲಿಲ್ಲ. ಇದ್ದೊಬ್ಬಳನ್ನೂ ಓಡಿಸಿಬಿಟ್ಟೆನಲ್ಲ ಎಂದು ಹಳಹಳಿಸುತ್ತ, ನಿಮ್ಮ ದನಿಯನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತೆ. ಹನ್ನೆರಡನೆಯ ದಿನ ಬಂದವಳು ಬಾಗಿಲಲ್ಲೇ ನಿಂತು, "ಅಕ್ಕಾ, ನೀ ಸತ್ರ ನಾ ಏನ್ ಮಾಡ್ಲಿ?" ಎಂದಳು.

"ನಂಗೂ ಗೊತ್ತಿಲ್ಲ. ಬಾ, ಕೂಡು" ಎಂದೆ. ಕತ್ತಲಾಗುವವರೆಗೂ ಕೂತಿದ್ದಳು.

ನಾಳೆಯಿಂದ ನನಗೆ ದೊಡ್ಡ ಚಿಕಿತ್ಸೆ. ನಲವತ್ತು ದಿನ ಗಾಜಿನ ಕೋಣೆ. ರೇವತಿಯನ್ನೂ ಒಳಗೆ ಬಿಡುವುದಿಲ್ಲ. ಗುಣವಾಗುವುದೆಂದು ಯಾರೂ ಮಾತು ಕೊಟ್ಟಿಲ್ಲ. ನಿಮ್ಮ ಸಿನಿಮಾ ನೀವು ಆಸ್ಪತ್ರೆಯ ಮೆಟ್ಟಿಲಿಳಿಯುವಲ್ಲಿ ಮುಗಿಯುತ್ತದೆ. ಆಮೇಲೆ ಏನಾಯಿತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಉತ್ತರ ಬಾರದೆಂದು ತಿಳಿದೂ ಕೇಳುತ್ತಿದ್ದೇನೆ: ಆ ಮಧ್ಯಾಹ್ನ ತುಂಬಾ ನೋವಿತ್ತೇ, ಟೀಚರ್? ಮನೆಗೆ ಹೋದ ಮೇಲೆ ಊಟ ಸೇರಿತೇ?

ಇತಿ,
ಸುಜಯಾ