ಬಾಡದ ಹೂ, ಕಾರಂಜಿ ಹುಲ್ಲು

ಯಾರಬಿನ್, ಪಶ್ಚಿಮ ಆಸ್ಟ್ರೇಲಿಯಾ
ಸೋಮವಾರ, 15 ಸೆಪ್ಟೆಂಬರ್ 1997

ಪ್ರೀತಿಯ ಜನೀನ್,

ನೀನೂ ಮಗು ಟೀಗನ್ನೂ ಚೆನ್ನಾಗಿದ್ದೀರಿ ತಾನೆ? ಅವಳ ಕಿವಿನೋವು ವಾಸಿಯಾಯಿತೆ? ಆಲ್ಬನಿಯ ಸಮುದ್ರದ ಗಾಳಿ ತಣ್ಣಗಿರುತ್ತದೆ, ಹೊರಗೆ ಕರೆದೊಯ್ಯುವಾಗ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು ಹಾಕು. ನನಗೇನೂ ತೊಂದರೆಯಿಲ್ಲ. ನಿನ್ನ ಮಾವನಿಗೆ ಮಂಡಿನೋವು. ಹಾಗೆಂದು ಸುಮ್ಮನೆ ಕೂರುವವರಲ್ಲ, ಟ್ರ್ಯಾಕ್ಟರ್ ಹತ್ತುವಾಗ ಬೈದುಕೊಂಡು ಹತ್ತುತ್ತಾರೆ, ಇಳಿಯುವಾಗ ಇನ್ನೂ ಕೆಟ್ಟದಾಗಿ ಬೈದುಕೊಂಡು ಇಳಿಯುತ್ತಾರೆ. ಪಾದ್ರಿ ಬಂದಿದ್ದ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೂ ಹಾಗೇ ಬೈದುಕೊಂಡರು, ನನಗೆ ತಲೆ ಎತ್ತಲಾಗಲಿಲ್ಲ.

ಒಂದು ವರ್ಷದ ಮೇಲೆ ನಿನ್ನ ಕಾಗದ ಬಂತು. ಮನೆಗೆ ತರುವಷ್ಟು ತಾಳ್ಮೆಯಿರಲಿಲ್ಲ, ಅಂಚೆ ಕಚೇರಿಯ ಬಾಗಿಲಲ್ಲೇ ನಿಂತು ಒಡೆದೆ. ಮೀನಿನ ದೋಣಿಯ ರಾಸ್ ಎಂಬವನನ್ನು ಮುಂದಿನ ತಿಂಗಳು ಮದುವೆಯಾಗುತ್ತಿದ್ದೀಯ ಎಂದು ಓದಿದಾಗ ಮೊದಲು ನನಗೆ ಸಂತೋಷವಾಗಲಿಲ್ಲ. ನನ್ನ ಮಗ ಡ್ಯಾರಿಲ್ ಇನ್ನೊಂದು ಸಲ ಸತ್ತ ಹಾಗಾಯಿತು. ಟೀಗನ್ ಇನ್ನೊಬ್ಬನನ್ನು ಅಪ್ಪಾ ಎನ್ನುತ್ತಾಳೆ ಎಂದುಕೊಂಡು ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದು ಮಂಡಿಯೂರಿ ಪ್ರಾರ್ಥಿಸಿದೆ. ಮೂರು ದಿನ ಪ್ರಾರ್ಥಿಸಿದ ಮೇಲೆ ರಾಸ್‌ನ ಹೆಸರನ್ನೂ ದೇವರ ಮುಂದೆ ಹೇಳಲು ನನ್ನಿಂದಾಯಿತು. ನಿನಗಿನ್ನೂ ಮೂವತ್ತಾಗಿಲ್ಲ ಕಣೇ. ಒಂಟಿಯಾಗಿರು ಎಂದು ಹೇಳಲು ನಾನು ಯಾರು?

ನೀನು ಎರಡು ವಿಷಯ ಕೇಳಿದ್ದೀಯ. ಹೊಸ ಮನೆಯ ಮುಂದಿನ ಚೂರು ಜಾಗದಲ್ಲಿ ಏನು ಹಾಕುವುದು ಎಂಬುದು ಒಂದು. ರಾಸ್‌ಗೆ ಕಾರಂಜಿ ಹುಲ್ಲು ಇಷ್ಟ, ನಿನಗೆ ನಮ್ಮ ಕಡೆಯ ಬಾಡದ ಹೂ. ಡ್ಯಾರಿಲ್‌ನ ಸಮಾಧಿಯ ಮೇಲೆ ಆ ಹೂ ಈ ವರ್ಷವಾದರೂ ತಾನಾಗಿ ಎದ್ದಿದ್ದರೆ ಅದರ ಬೀಜ ಒಂದು ಚಿಟಿಕೆ ಕಳಿಸಿ, ಅವಳಪ್ಪ ಕೈಯಾರೆ ಆರಿಸಿದ ಬೀಜ ಎಂದು ಟೀಗನ್‌ಗೆ ತೋರಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೊದಲು ಉತ್ತರ ಬರೆಯುತ್ತೇನೆ, ಅದು ಸುಲಭ.

ಕಾರಂಜಿ ಹುಲ್ಲನ್ನು ಒಮ್ಮೆ ನೆಟ್ಟರೆ ಮುಗಿಯಿತು. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಜನವರಿಯ ಉರಿಬಿಸಿಲಲ್ಲೂ ಕಂದುಗೆಂಪು ತೆನೆ ತೂಗುತ್ತಾ ನಿಂತಿರುತ್ತದೆ, ಮುಟ್ಟಿದರೆ ಬೆಕ್ಕಿನ ಬಾಲದ ಹಾಗೆ ಮೆತ್ತಗೆ. ವರ್ಷಕ್ಕೊಮ್ಮೆ ಬುಡಕ್ಕೆ ಕತ್ತರಿಸಿದರೆ ಸಾಕು. ಆದರೆ ಅಕ್ಕಪಕ್ಕದಲ್ಲಿ ಬೇರೇನನ್ನೂ ಬದುಕಗೊಡುವುದಿಲ್ಲ, ಬೀಜ ಗಾಳಿಗೆ ಹಾರಿ ಕಂಡವರ ಹೊಲ ಸೇರುತ್ತದೆ. ಕೀಳಲು ಹೋದರೆ ಕೈ ಸೀಳುತ್ತದೆ. ಬಾಡದ ಹೂವಿನ ಸ್ವಭಾವವೇ ಬೇರೆ. ಏಪ್ರಿಲ್‌ನಲ್ಲಿ ಮೊದಲ ಮಳೆಗೆ ಮುಂಚೆ ಬೀಜವನ್ನು ಮರಳಲ್ಲಿ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು. ಚಳಿಗಾಲವೆಲ್ಲ ಇದೆಯೋ ಇಲ್ಲವೋ ಎನ್ನುವಂಥ ಹಸಿರು. ಆಗಸ್ಟ್‌ನ ಒಂದು ಬೆಳಿಗ್ಗೆ ನೋಡಿದರೆ ನೆಲವೆಲ್ಲ ಗುಲಾಬಿ ಬಣ್ಣ. ಆರು ವಾರ, ಅಷ್ಟೆ, ಗಿಡ ಸಾಯುತ್ತದೆ. ಕೊಯ್ದು ತಲೆಕೆಳಗಾಗಿ ತೂಗುಹಾಕಿದ ಹೂ ಮಾತ್ರ ವರ್ಷಗಟ್ಟಲೆ ಬಣ್ಣ ಬಿಡುವುದಿಲ್ಲ. ಸತ್ತ ಗಿಡವನ್ನು ಹಾಗೇ ಬಿಡಬೇಕು, ಬರುವ ವರ್ಷದ ಬೀಜ ಆ ಒಣಕಡ್ಡಿಗಳ ತಲೆಯಲ್ಲೇ ಇರುತ್ತದೆ. ಕಣ್ಣಿಗೆ ಅದು ಬರೀ ಕಸ.

ನೀನು ಹೂವನ್ನೇ ಹಾಕು. ಹುಲ್ಲು ನೆಟ್ಟವಳೇ ಹೀಗೆ ಹೇಳುತ್ತಿದ್ದಾಳಲ್ಲ ಎಂದು ನಿನಗೆ ಅನ್ನಿಸಬಹುದು. ಹೋದ ಸೆಪ್ಟೆಂಬರಿನಲ್ಲಿ ನೀನು ಮಗುವನ್ನೆತ್ತಿಕೊಂಡು ಅಷ್ಟು ದೂರದಿಂದ ಬಂದು ಸಮಾಧಿಯ ಮುಂದೆ ನಿಂತದ್ದು ನನ್ನ ಕಣ್ಣ ಮುಂದಿದೆ. “ಹೂ ಎಲ್ಲಮ್ಮಾ? ಅವನಿಗೆ ಹುಲ್ಲು ಹಾಕಿದ್ದೀರಾ? ಅವನ ಮೇಲೆ ಕುರಿ ಮೇಯಿಸ್ತೀರಾ?” ಎಂದೆ ನೀನು. ಮಳೆ ತಡವಾಯಿತು, ಹೂ ಹುಟ್ಟಲಿಲ್ಲ, ಬರಿದಾಗಿ ನೋಡಲಾಗದೆ ಹುಲ್ಲು ನೆಟ್ಟೆ ಎಂದೆ ನಾನು. ಬೇಲಿಯಾಚೆಯ ಗುಡ್ಡವೆಲ್ಲ ಹೂವಾಗಿತ್ತು. ನೀನು ಗುಡ್ಡ ನೋಡಿದೆ, ನನ್ನ ಮುಖ ನೋಡಿದೆ, ಚಹಾ ಕುಡಿಯದೆ ಹೊರಟುಹೋದೆ. ನಿನಗೆಂದು ಮಾಡಿದ್ದ ಸ್ಕೋನ್ ಬನ್ನುಗಳನ್ನು ಕೋಳಿಗಳಿಗೆ ಹಾಕಿದೆ.

ಈ ಜುಲೈಯಲ್ಲಿ ಆ ಹುಲ್ಲನ್ನೆಲ್ಲ ಅಗೆದು ತೆಗೆದೆ. ಹುಲ್ಲು ಒಂದು ದಿನವೂ ಒಣಗಲಿಲ್ಲ ಜನೀನ್, ಅದನ್ನೇ ನನ್ನಿಂದ ತಾಳಿಕೊಳ್ಳಲಾಗಲಿಲ್ಲ. ಇಪ್ಪತ್ತಾರು ವರ್ಷದ ಹುಡುಗ ಕೆಳಗೆ ಮಲಗಿರುವಾಗ ಮೇಲೆ ಅದು ಏನೂ ಆಗಿಲ್ಲವೆಂಬಂತೆ ತಲೆ ಆಡಿಸುತ್ತಿತ್ತು.

ಮದುವೆಗೆ ಕರೆದಿದ್ದೀಯ. ಈ ಕಾಗದ ಪೂರ್ತಿ ಓದಿದ ಮೇಲೂ ಕರೆಯಬೇಕೆನ್ನಿಸಿದರೆ ಬರುತ್ತೇವೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ರಾಸ್‌ಗೆ ನಮ್ಮ ಶುಭಾಶಯ ಹೇಳು. ಟೀಗನ್‌ಗೆ ಎರಡು ಕೆನ್ನೆಗೂ ಅಜ್ಜಿಯ ಮುತ್ತು. ದೇವರು ನಿಮ್ಮ ಹೊಸ ಮನೆಯ ಬಾಗಿಲಲ್ಲಿ ನಿಂತು ಕಾಯಲಿ.

ನಿನ್ನ ಅತ್ತೆ,
ಗ್ಲೆನಿಸ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ನಿನ್ನ ಮಾವ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾರೆ, ಅಂಚೆ ಹೊರಡುವ ಹೊತ್ತು. ಬೀಜ ಇಲ್ಲ ಜನೀನ್. ಮಳೆ ತಡವಾಯಿತು ಎಂದದ್ದು ಸುಳ್ಳು. ಅವನು ತೀರಿಕೊಂಡ ವರ್ಷ ಸಮಾಧಿಯ ಮೇಲೆ ನೀನು ಬಿತ್ತಿದ ಹೂವೆಲ್ಲ ಒಣಗಿದಾಗ, ನೀನು ಆಲ್ಬನಿಗೆ ಹೋದ ಎರಡು ವಾರಕ್ಕೆ, ನಾನೇ ಕಿತ್ತು ಸುಟ್ಟೆ. ಕಾಳ್ಗಿಚ್ಚಿನ ಬೇಸಿಗೆಗೆ ಮುಂಚೆ ಬೆಂಕಿ ಹಾಕಲು ಅಪ್ಪಣೆಯಿರುವ ಕೊನೆಯ ವಾರ ಅದು. ಮನೆಯ ಸುತ್ತ, ಕೊಟ್ಟಿಗೆಯ ಸುತ್ತ ಒಣಗಿದ್ದನ್ನೆಲ್ಲ ಕೆರೆದು ಸುಟ್ಟವಳು ಕುಂಟೆ ಹಿಡಿದುಕೊಂಡು ಅಲ್ಲಿಗೂ ಹೋದೆ. “ಏನ್ ಮುದುಕಿ, ಸತ್ತೋರ ಅಂಗಳನೂ ಗುಡಿಸೋಕೆ ಹೊರಟ್ಯಾ?” ಎಂದು ನಿನ್ನ ಮಾವ ಕೂಗಿದರು, ನಾನು ನಿಲ್ಲಲಿಲ್ಲ. ಆ ಕಡ್ಡಿಗಳಲ್ಲಿ ಬೀಜವಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮಗನ ಮೇಲೆ ಒಣಗಿದ್ದೇನೂ ಇರಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಈಗ ನಿನ್ನ ಮಾವ, “ಗುಡ್ಡದ್ದೇ ಒಂದು ಹಿಡಿ ಕಳ್ಸು, ಅವಳಿಗೇನ್ ಗೊತ್ತಾಗ್ತದೆ?” ಎನ್ನುತ್ತಾರೆ. ಇನ್ನೊಂದು ಸುಳ್ಳನ್ನು ಮಗುವಿನ ಕೈಗೆ ಕೊಡಲಾರೆ. ಸಮಾಧಿ ಈಗ ಬರೀ ಮಣ್ಣು. ಏಪ್ರಿಲ್‌ಗೆ ನೀನೇ ಬಂದು ಏನಾದರೂ ಬಿತ್ತು, ಬಾರದಿದ್ದರೆ ಹಾಗೇ ಇರಲಿ, ನಾನು ಮುಟ್ಟುವುದಿಲ್ಲ. ನಿಮ್ಮಿಬ್ಬರ ಮದುವೆಗೆಂದು ಡ್ಯಾರಿಲ್ ಗುಡ್ಡ ಸುತ್ತಿ ಆ ಬೀಜ ಆರಿಸಿ ತುಂಬಿಟ್ಟಿದ್ದ ಜಾಮ್ ಬಾಟಲಿಯನ್ನು ಟೀಗನ್‌ಗೆ ಕಳಿಸುತ್ತಿದ್ದೇನೆ. ನೀನು ಬಿತ್ತಿ ಮುಗಿಸಿದಾಗಿನಿಂದ ಖಾಲಿ, ತೊಳೆದಿಲ್ಲ. ನನ್ನ ಕೈಗೆ ಹೆದರಿ ಅವನು ಅದರ ಮೇಲೆ ಅಂಟಿಸಿದ್ದ ಚೀಟಿ ಹಾಗೇ ಇದೆ, ಅವಳಿಗೆ ಓದಿ ಹೇಳು: “ಅಮ್ಮಾ, ಇದು ಕಸ ಅಲ್ಲ. ಎಸೀಬೇಡ.”