ಕೊನೆಯ ಕುಣಿಕೆ ಬಿಗಿದಿಲ್ಲ

ಬಳಗಾನೂರು
೧೪-೪-೨೦೨೫, ಸೋಮವಾರ

ನನ್ನ ಮುದ್ದು ಮೊಮ್ಮಗಳು ಭಾರತಿಗೆ,

ನಿನ್ನ ಆಯಿ ಬರೆಯುತ್ತಿದ್ದೇನೆ. ಮೊದಲು ನಿನ್ನ ಮೈ ಹೇಗಿದೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ರೊಟ್ಟಿಯ ಅಂಚು ಮುರಿದು ತಿಂದು ನಡುವಿನದ್ದು ನಾಯಿಗೆ ಹಾಕುತ್ತೀಯೋ? ನಿನ್ನ ಗಂಡ ವೀರೇಶ ಆರಾಮ ಇದ್ದಾನೆಯೇ? ಅವನ ಜಾತಿ ನನ್ನ ಗಂಟಲಲ್ಲಿ ಇನ್ನೂ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನನ್ನು ಉಪವಾಸ ಮಲಗಿಸದಿದ್ದರೆ ಆ ಮುಳ್ಳನ್ನೂ ನುಂಗುತ್ತೇನೆ. ಇಲ್ಲಿ ಕಾಲುವೆಯ ನೀರು ನಿಲ್ಲಿಸಿದ್ದಾರೆ. ಭತ್ತ ಕೊಯ್ಯುವ ಮಷೀನು ಹಗಲೆಲ್ಲ ಗುರುಗುಡುತ್ತದೆ, ಧೂಳು ಅನ್ನದ ತಾಟಿಗೇ ಬಂದು ಕೂರುತ್ತದೆ. ಮೊಣಕಾಲು ಬಿಟ್ಟರೆ ನನ್ನದೆಲ್ಲ ಗಟ್ಟಿ, ಬಾಯಿಯಂತೂ ಎಲ್ಲಕ್ಕಿಂತ ಗಟ್ಟಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ಎಮ್ಮೆ ತುಳಿದ ಗದ್ದೆಯಂತಿದ್ದರೆ ನಗಬೇಡ. ಬಳೆಗಾರ್ತಿ ಖಾಸಿಂಬೀ ಇಂದು ಸಂಜೆ ಬರುತ್ತಾಳೆ. ಈ ಕಾಗದ, ಅಂಗಿ ಎರಡನ್ನೂ ಬಳೆ ಪೆಟ್ಟಿಗೆಯ ತಳದಲ್ಲಿಟ್ಟು ಮಸ್ಕಿಯ ಸಂತೆಯಲ್ಲಿ ನಿನ್ನ ಕೈಗೆ ಕೊಡುತ್ತಾಳೆ. ನೀವಿರುವ ಊರು ಯಾವುದೆಂದು ಅವಳನ್ನು ನಾನು ಕೇಳಿಲ್ಲ. ಕೇಳಿದರೆ ಅದು ನನ್ನ ಬಾಯಲ್ಲಿ ನಿಲ್ಲುವುದಿಲ್ಲ.

ನೀನು ಆಸೆಪಟ್ಟಿದ್ದ ಆ ಬೇಸಿಗೆ ಅಂಗಿ ಮುಗಿಯಿತು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ ದಿನ ನಾನು, "ಇದೇನ್ ಕುಪ್ಪಸಾನೋ, ಮೀನು ಹಿಡಿಯೋ ಬಲೀನೋ?" ಎಂದು ನಕ್ಕಿದ್ದೆ. ನೀನು, "ಮೈಗೆ ಅಪ್ಪಿಕೊಂಡ್ ಕೂಡ್ತೈತಿ ಆಯೀ, ಗಾಳೀನೂ ಆಡ್ತೈತಿ, ಹೆಣೆದ್ ಕೊಡು ಬೇ" ಎಂದು ಗದ್ದ ಹಿಡಿದಿದ್ದೆ. ನಿನ್ನ ಅಳತೆ, ಬುಡಕ್ಕೆ ಎಷ್ಟು ಸರಪಳಿ ಕುಣಿಕೆ, ಅದರ ಮೇಲೆ ಎಷ್ಟು ಸಾಲು ಎಂದೆಲ್ಲ ಪಟ್ಟಿಯ ಹಾಳೆಯಲ್ಲಿ ಬರೆದುಕೊಟ್ಟಿದ್ದೆಯಲ್ಲ, ಅದೊಂದು ನನ್ನ ಎಲೆಅಡಿಕೆಯ ಚೀಲದಲ್ಲಿತ್ತು, ಉಳಿಯಿತು. ನಿನ್ನ ಮಿಕ್ಕಿದ್ದನ್ನೆಲ್ಲ ನಿಮ್ಮಪ್ಪ ಸುಟ್ಟ. ನೀನು ವೀರೇಶನ ಜೊತೆ ಹೋದ ಹನ್ನೊಂದನೇ ದಿನ ತಲೆ ಬೋಳಿಸಿಕೊಂಡು, ನಿನ್ನ ಫೋಟೋಕ್ಕೆ ಹಾರ ಹಾಕಿ, ಮಾಳಿಗೆಯ ಮೇಲೆ ಕಾಗೆಗೆ ಅನ್ನವಿಟ್ಟ. ಕಾಗೆ ಮುಟ್ಟಲಿಲ್ಲ. "ಬದುಕಿದಾಕಿ ಕೂಳು ಕಾಗಿ ಯಾಕ ತಿಂದೀತೋ ದುರುಗಪ್ಪಾ, ನಿನಗಿಂತ ಅದಕ್ಕ ಬುದ್ಧಿ ಐತಿ" ಎಂದೆ. ಹೆತ್ತ ಮಗನಿಗೆ ಹಾಗೆನ್ನಬಾರದಿತ್ತೇನೋ. ಅಂದಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನನ್ನ ಆಯುಷ್ಯವೆಲ್ಲ ಕೊಕ್ಕೆಸೂಜಿಯಲ್ಲಿ ಚಪ್ಪಟೆ ವಸ್ತು ಹೆಣೆದು ಕಳೆದವಳು ನಾನು. ಬಾಗಿಲ ತೋರಣ, ಟಿವಿಯ ಮೇಲಿನ ಹೊದಿಕೆ, ನಿನ್ನ ತೊಟ್ಟಿಲಿನ ಮುಸುಕು. ಬಾಗಿಲು ಉಸಿರಾಡುವುದಿಲ್ಲ, ಟಿವಿಗೆ ಸೊಂಟವಿಲ್ಲ. ಮೈಗೆ ಹೆಣೆಯುವುದು ಬೇರೆಯೇ ವಿದ್ಯೆ. ಮನೆಯಲ್ಲಿದ್ದ ತೋರಣದ ಸಣ್ಣ ದಾರದಿಂದ ಹೋಳಿ ಹುಣ್ಣಿಮೆಯ ಮರುದಿನ ಶುರು ಮಾಡಿದ್ದೆ. ನಿಮ್ಮಪ್ಪ ನೋಡಿಬಿಟ್ಟ. "ಯಾರಿಗೆ ಬೇ ಇದು?" ಎಂದ. "ನೀ ಹನ್ನೊಂದನೇ ದಿನಾ ಮಾಡಿದ್ಯಲ್ಲ, ಆ ಸತ್ತಾಕಿಗೆ" ಎಂದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಡಲಿ ನನ್ನ ನಾಲಿಗೆ, "ಮೈಮ್ಯಾಲಿಟ್ಟು ನೋಡದ ಬಿಗಿ ಅಂಗಿ ಹೆಣಿಯೋದು ಹೆಂಗ? ನೀ ಸುಟ್ಟ ಬೂದಿ ಅಳೀಲೇನು?" ಎಂದೂ ಸೇರಿಸಿದೆ. ಅವನು ಎದ್ದು ಹೋದ. ಮೂರನೇ ದಿನ ಸಿಂಧನೂರಿನಿಂದ ಹಾಲಿನ ಕೆನೆಯಂಥ ಹತ್ತಿ ದಾರದ ಎಂಟು ಉಂಡೆ ತಂದು ನನ್ನ ಮಡಿಲಿಗೆ ಹಾಕಿದ. "ಹೆಣಿ ಬೇ. ಆಕೀನ್ನ ಕರಸು. ಬಂದು ಹಾಕ್ಕೊಂಡ್ ನೋಡ್ಲಿ. ಉಗಾದಿ ಆದ್ ಮ್ಯಾಲಿನ ಅಮಾಸಿಗೆ ಬರ್ಲಿ" ಎಂದ. ಹುಟ್ಟಿದಾಗಿನಿಂದ ನನಗೊಂದು ಸೂಜಿ ತಂದುಕೊಟ್ಟವನಲ್ಲ. ಮಗನ ಕರುಳು ಕರಗಿತೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಬಾ ಎಂದು ಖಾಸಿಂಬೀ ಕೈಲಿ ಹೇಳಿ ಕಳಿಸಿದೆ. ಬರುತ್ತೇನೆಂದು ನೀನೂ ಹೇಳಿ ಕಳಿಸಿದೆ. ನಿಮ್ಮವ್ವ ಅಂದಿನಿಂದ ನೆಲದ ಮೇಲೆ ನಿಂತಿಲ್ಲ. ಗೋಡೆಗೆ ಸುಣ್ಣ ಹಚ್ಚಿದ್ದಾಳೆ, ಹೋಳಿಗೆಗೆಂದು ಶೇಂಗಾ ಹಸನು ಮಾಡಿ ಡಬ್ಬಿ ತುಂಬಿದ್ದಾಳೆ, ಒಬ್ಬಳೇ ನಗುತ್ತಾಳೆ.

ಅಂಗಿಯ ಮಾತಿಗೆ ಬರುತ್ತೇನೆ. ನೀನು ನೂರೈವತ್ತು ಸರಪಳಿ ಎಂದು ಬರೆದಿದ್ದೆ. ಅದು ಸಣ್ಣ ದಾರದ ಲೆಕ್ಕ, ನಿಮ್ಮಪ್ಪ ತಂದದ್ದು ದಪ್ಪ ದಾರ. ಅದನ್ನು ಯೋಚಿಸದೆ ಬರೆದಷ್ಟೇ ಹಾಕಿ ಎಂಟು ಸಾಲು ಏರಿಸಿದೆ. ಸುತ್ತಿ ನೋಡಿದರೆ ನಮ್ಮ ಎಮ್ಮೆಯ ಕರುವಿಗೆ ಸರಿಹೋಗುವಂತಿತ್ತು. ಬಿಚ್ಚಿದೆ. ಗೇಣಿಟ್ಟು ಎಣಿಸಿದೆ. ಸಣ್ಣ ದಾರದಲ್ಲಿ ಒಂದು ಗೇಣಿಗೆ ನಲವತ್ತು ಕಂಬದ ಕುಣಿಕೆ ಬರುತ್ತಿದ್ದದ್ದು ಇದರಲ್ಲಿ ಮೂವತ್ತನಾಲ್ಕೇ. ಹಾಗಾಗಿ ನೂರಿಪ್ಪತ್ತೆಂಟಕ್ಕೆ ಇಳಿಸಿದೆ. ಎದೆಯವರೆಗೆ ಬಂದಾಗ ಖಾಸಿಂಬೀ ಇನ್ನೊಂದು ಸುದ್ದಿ ತಂದಳು. "ನಿನ್ ಮೊಮ್ಮಗಳಿಗೆ ಎರಡು ಆರರ ಬಳಿ ಸೋಪು ಹಚ್ಚಿ ಏರಿಸ್ತಿದ್ನೆಬೇ, ಈಗ ಎರಡು ನಾಲ್ಕರದು ತಾನಾ ಮೊಣಕೈತನಾ ಹೊಕ್ಕೈತಿ" ಎಂದಳು. ಅವಳ ಎದುರಿಗೇ ಮತ್ತೆ ಬಿಚ್ಚಿದೆ. ಮಣಿಕಟ್ಟು ಅಷ್ಟು ಇಳಿದರೆ ಎದೆ ಎಷ್ಟು ಇಳಿದಿರಬೇಕು, ಬೆನ್ನು ಎಷ್ಟು? ಯಾವ ಪಟ್ಟಿಯಲ್ಲೂ ಬರೆದಿಲ್ಲ. ನೂರಿಪ್ಪತ್ತು ಹಾಕಿದೆ. ಸೊಂಟದ ಹತ್ತಿರ ಎರಡೂ ಪಕ್ಕದಲ್ಲಿ ಎರಡು ಕಂಬ ಕೂಡಿಸಿ ಒಂದು ಮಾಡುತ್ತ ಒಳಗೆ ತಂದೆ. ಬಳೆಯಿಂದ ಸೊಂಟ ಅಳೆದ ಮುದುಕಿ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಬೆನ್ನನ್ನು ಮಾತ್ರ ಪಟ್ಟಿಯಂತೆ ಮುಚ್ಚಿಲ್ಲ. ಮೊನ್ನೆಯವರೆಗೆ ಮುಚ್ಚುವ ಮನಸ್ಸಿತ್ತು. ನೀನು ಬಂದಾಗ ಗುಂಡುಸೂಜಿ ಚುಚ್ಚಿ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಆದರೆ ದಾರ ತಂದುಕೊಟ್ಟ ನಿಮ್ಮಪ್ಪ ಅಂಗಿ ಎಷ್ಟಾಯಿತೆಂದು ಒಂದು ದಿನವೂ ಕೇಳಿಲ್ಲ. ಯಾವ ಬಸ್ಸಿಗೆ ಬರುತ್ತಾಳೆ ಎಂದು ಏಳು ಸಲ ಕೇಳಿದ. ಲಿಂಗಸುಗೂರಿನ ಕಡೆಯಿಂದಲೋ, ಸಿಂಧನೂರಿನಿಂದಲೋ? ಒಬ್ಬಳೇ ತಾನೇ? ಅಂತ. ನಿನ್ನನ್ನು ತನಗೆ ಕೊಡಬೇಕಿತ್ತೆಂದು ಹಲ್ಲು ಕಡಿಯುವ ನಿನ್ನ ಸೋದರಮಾವ ನರಸಣ್ಣ ಈ ವಾರದಲ್ಲಿ ಮೂರು ಸಲ ಬಂದ. ನಾನು ಚಹಾ ತಂದರೆ ಇಬ್ಬರೂ ಬಾಯಿ ಮುಚ್ಚುತ್ತಾರೆ. ನಿನ್ನೆ ನಾನು, "ಹುಡುಗಿ ಬರ್ತಾಳ, ಫೋಟೋದ ಹಾರ ತಗದ್ ಒಗಿಯೋ" ಎಂದೆ. "ಇರ್ಲಿ ಬಿಡು ಬೇ" ಎಂದ. ನಾನೇ ತೆಗೆಯಹೋದರೆ ಕೈ ಹಿಡಿದ.

ಅದಕ್ಕೇ ಬೆನ್ನು ತೆರೆದು ಬಿಟ್ಟು, ಎರಡೂ ಅಂಚಿಗೆ ಕಣ್ಣು ಮಾಡಿ, ಉದ್ದನೆಯ ಲಾಡಿ ಪೋಣಿಸಿದ್ದೇನೆ. ಇಳಿದರೆ ಬಿಗಿದುಕೋ, ಮೈ ತುಂಬಿದರೆ ಸಡಿಲ ಮಾಡಿಕೋ. ಯಾರೂ ಮೈಮೇಲಿಟ್ಟು ನೋಡಬೇಕಾಗಿಲ್ಲ.

ನಿನಗೂ ನಿನ್ನ ಗಂಡನಿಗೂ ನೂರು ವರ್ಷ ಆಯುಷ್ಯವಿರಲಿ. ನನ್ನದು ಇನ್ನೆಷ್ಟಿದೆಯೋ ಅದನ್ನೂ ನಿನ್ನ ಉಡಿಗೆ ಹಾಕಿದ್ದೇನೆ.

ನಿನ್ನ ಆಯಿ,
ಯಮನಮ್ಮ

ತಾ.ಕ.: ಖಾಸಿಂಬೀ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎನ್ನುತ್ತಿದ್ದಾಳೆ. ಎರಡು ಹಾಳೆ ಬರೆದರೂ ಬರೆಯಬೇಕಾದ್ದಕ್ಕೆ ಕೈ ಏಳಲಿಲ್ಲ, ಈಗ ಬರೆಯುತ್ತೇನೆ. ಬರಬೇಡ. ಅಮಾವಾಸ್ಯೆಗೆ ಬರಬೇಡ, ಎಂದಿಗೂ ಬರಬೇಡ. ಅವ್ವ ಹಾಸಿಗೆ ಹಿಡಿದಿದ್ದಾಳೆ ಎಂದು ಹೇಳಿ ಕಳಿಸಿದರೂ, ನಾನು ಸತ್ತೆ ಎಂದರೂ ಬರಬೇಡ. ಸುಳ್ಳಿರಬಹುದು, ನಿಜವೂ ಇರಬಹುದು, ಎರಡಕ್ಕೂ ಬರಬೇಡ. ಮಸ್ಕಿಯ ಸಂತೆಗೂ ಇದೇ ಕೊನೆ. ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳಲಿ, ಮಗ ದಾರದುಂಡೆ ತಂದ ಎಂದೇ? ನಿಮ್ಮವ್ವನಿಗೆ ಹೇಳಿಲ್ಲ, ಹೇಳುವ ಎದೆ ನನಗಿಲ್ಲ. ಅಮಾವಾಸ್ಯೆಯ ದಿನ ನಾನೂ ಅವರ ಜೊತೆ ಬಸ್ಸಿಗೆ ಕಾಯುತ್ತೇನೆ. ನೀನು ಇಳಿಯದಿದ್ದಾಗ ನಡುಬೀದಿಯಲ್ಲಿ ನಿಂತು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತೇನೆ, ಕರೆಸಿದವಳು ನಾನೇ ಆದ್ದರಿಂದ ಅವರು ನಂಬಬೇಕು. ಆ ಬೈಗುಳ ನಿನ್ನ ಕಿವಿಗೆ ಬಿದ್ದರೆ ಆಯಿಯ ಮನಸ್ಸೂ ಮುರಿಯಿತು ಎಂದುಕೊಳ್ಳಬೇಡ ತಾಯೀ. ಅಂಗಿಯ ಕೊನೆಯ ಕುಣಿಕೆ ಬಿಗಿದಿಲ್ಲ, ಪಿನ್ನು ಹಾಕಿ ಬಿಟ್ಟಿದ್ದೇನೆ. ಸರಿಯಾಗದಿದ್ದರೆ ಪಿನ್ನು ತೆಗೆದು ಎಳೆ, ಪೂರಾ ಬಿಚ್ಚುತ್ತದೆ. ಹೇಗೆ ಹೆಣೆಯುವುದೆಂದು ನಿನಗೆ ಕಲಿಸಿದ್ದೇನಲ್ಲ.