ಅಟ್ಟದ ಕೋಣೆಯ ಸದ್ದು

ಮಾರ್ಚ್ ೧೨, ಬುಧವಾರ

ಮಗಳ ಕೋಣೆಗೆಂದು ಸರಿಪಡಿಸುತ್ತಿರುವ ಅಟ್ಟಕ್ಕೆ ಇಂದು ಹಲಗೆ ಹಾಸಿ ಮುಗಿಯಿತು. ಕೆಳಗಿನ ಟಿವಿಗೆ ಅವಳ ನಿದ್ದೆ ಕೆಡಬಾರದೆಂದು ಹಲಗೆಯಡಿ ಸದ್ದು ತಡೆಯುವ ದಪ್ಪ ಹಾಸು ಹಾಕಿಸಿದ್ದು ನಾನೇ. "ಇನ್ನು ಮೇಲೆ ಡೋಲು ಬಡಿದ್ರೂ ಕೆಳಗೆ ಕೇಳಲ್ಲ ಅಕ್ಕಾ," ಎಂದು ಬಡಗಿ ಬೀಗಿದ. ಹಾಗಾದರೆ ರಾತ್ರಿ ಅವಳು ಅತ್ತರೂ ನಮಗೆ ಕೇಳುವುದಿಲ್ಲವಲ್ಲ ಎಂದು ಆಗಿನಿಂದ ಅದೇ ಯೋಚನೆ.

ಸಂಜೆ ಇವರನ್ನು ಮೇಲೆ ಕಳಿಸಿ, "ಮಗಳ ಥರ ಜೋರಾಗಿ ಅಳ್ರೀ," ಎಂದೆ. ಕೆಳಗೆ ಕಿವಿಗೊಟ್ಟು ನಿಂತೆ. ಏನೂ ಕೇಳಲಿಲ್ಲ. ಇಳಿದು ಬಂದವರ ಗಂಟಲು ಕಟ್ಟಿತ್ತು. "ನಮ್ಮ ಮದುವೇಲೂ ಇಷ್ಟು ಅತ್ತಿರ್ಲಿಲ್ಲ ಕಣೇ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಾಳೆ ಹಲಗೆ ಕೀಳಿಸಿ ಹಾಸು ತೆಗೆಸುತ್ತೇನೆ. ಬಡಗಿ ನಕ್ಕರೆ ನಗಲಿ. "ನಾಲ್ಕು ವರ್ಷದ ಹುಡುಗಿ, ಭಯ ಆದ್ರೆ ತಾನೇ ಇಳಿದು ಬರ್ತಾಳಮ್ಮ," ಅನ್ನುತ್ತಾರೆ ಅತ್ತೆ. ಬರುತ್ತಾಳೆ, ನಿದ್ದೆಗಣ್ಣಲ್ಲಿ, ಕತ್ತಲಲ್ಲಿ, ಆ ಕಡಿದಾದ ಮೆಟ್ಟಿಲು...